‘ಲೋಕಲ್’ ಎಂಬ ಪದ ಕಳಪೆಯ ಅರ್ಥ ಪಡೆದ ಬಗೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಯೊಂದಕ್ಕೆ ಹೋಗಿ ನನ್ನ ಹಳೆಯ ಸ್ಕೂಟರಿಗೆ ಬ್ರೇಕ್ ಶೂ ಬೇಕೆಂದು ಕೇಳಿದಾಗ, ಗಾಡಿಯ ಮಾದರಿಯನ್ನು ತಿಳಿದುಕೊಂಡ ಕೂಡಲೇ ಅಂಗಡಿಯವರು, “ಒರಿಜಿನಲ್ ಕೊಡ್ಲಾ ಸಾರ್, ಲೋಕಲ್ ಸಾಕಾ?” ಎಂದರು. ಎರಡನ್ನೂ ತೋರಿಸಿ ಎಂದೆ. ಒರಿಜಿನಲ್ ಎಂದು ಕೊಟ್ಟ ಪ್ಯಾಕೆಟ್ಟಿನ ಮೇಲೆ ಹೊಸೂರಿನ ಕಾರ್ಖಾನೆಯೊಂದರ ಪೂರ್ಣ ವಿಳಾಸವಿತ್ತು. ಲೋಕಲ್ ಎಂದು ಕೊಟ್ಟ ಪ್ಯಾಕೆಟ್ಟಿನ ಮೇಲೆ ದೆಹಲಿ ಎಂಬ ಊರಿನ ಹೆಸರೊಂದನ್ನು ಬಿಟ್ಟರೆ ತಯಾರಕರ ಸುಳಿವೇ ಇರಲಿಲ್ಲ. ಹೊಸೂರು ಇಲ್ಲಿಂದ ಸುಮಾರು 40 ಕಿಲೋಮೀಟರ್. ದೆಹಲಿಗೆ ರಸ್ತೆಯಲ್ಲಿ ಹೋದರೆ 2000 ಕಿಲೋಮೀಟರಿಗೂ ಹೆಚ್ಚು. ಹತ್ತಿರದಿಂದ ಬಂದದ್ದು ಒರಿಜಿನಲ್ ಆಗಿ, ದೇಶದ ಇನ್ನೊಂದು ತುದಿಯಿಂದ ಬಂದದ್ದು ಲೋಕಲ್ ಆಗಿತ್ತು.

ಅಂಗಡಿಯವರು ಪದವನ್ನು ತಪ್ಪಾಗಿ ಬಳಸಲಿಲ್ಲ. ಅವರು ಹೇಳಿದ್ದು ನನಗೂ ಅರ್ಥವಾಯಿತು, ಪಕ್ಕದಲ್ಲಿ ನಿಂತಿದ್ದ ಮೆಕ್ಯಾನಿಕ್‌ಗೂ ಅರ್ಥವಾಯಿತು. ಬೆಂಗಳೂರಿನ ವ್ಯಾಪಾರದ ಕನ್ನಡದಲ್ಲಿ ‘ಲೋಕಲ್’ ಎಂಬುದು ಊರನ್ನು ಸೂಚಿಸುವ ಪದವಾಗಿ ಉಳಿದಿಲ್ಲ. ಗುಣಮಟ್ಟವನ್ನು ಸೂಚಿಸುವ ಪದವಾಗಿದೆ, ಅದೂ ಕೆಳಮಟ್ಟವನ್ನು. ಎಸ್.ಪಿ. ರಸ್ತೆಯಲ್ಲಿ ಚಾರ್ಜರ್ ಕೊಳ್ಳುವವರೂ, ಚಿಕ್ಕಪೇಟೆಯಲ್ಲಿ ಜರಿಯ ಸೀರೆ ನೋಡುವವರೂ, ಮಿಕ್ಸಿಯ ಜಾರಿಗೆ ರಬ್ಬರ್ ವಾಷರ್ ಹುಡುಕುವವರೂ ಈ ಅರ್ಥದಲ್ಲಿಯೇ ಅದನ್ನು ಬಳಸುತ್ತಾರೆ. ಒಂದು ಜಾಗಕ್ಕೆ ಸೇರಿದ್ದು ಎಂದಷ್ಟೇ ಹೇಳುತ್ತಿದ್ದ ಪದವೊಂದು ಹೀಗೆ ಕಳಪೆಯ ಹೆಸರಾದದ್ದು ಹೇಗೆ ಎಂಬುದನ್ನು ಬಿಡಿಸಿ ನೋಡಬೇಕೆಂದು ಅಂದಿನಿಂದ ನನಗೆ ಅನ್ನಿಸುತ್ತಲೇ ಇದೆ. ಏಕೆಂದರೆ ಇದೇ ಪದವನ್ನು ನಾವು ಮನುಷ್ಯರಿಗೂ ಮಾತಿಗೂ ಅಂಟಿಸುತ್ತಿದ್ದೇವೆ.

ಮೊದಲು ಅರ್ಥದ ಗಡಿಯನ್ನು ಗುರುತಿಸಿಕೊಳ್ಳಬೇಕು. ‘ಡೂಪ್ಲಿಕೇಟ್’ ಎಂದರೆ ಬೇರೊಬ್ಬರ ಹೆಸರನ್ನು ಕದ್ದು ಹೊತ್ತ ಸರಕು; ಅದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ‘ಸೆಕೆಂಡ್ಸ್’ ಎಂದರೆ ಒಳ್ಳೆಯ ಕಾರ್ಖಾನೆಯಲ್ಲಿಯೇ ತಯಾರಾಗಿ, ಹೊಲಿಗೆಯಲ್ಲೋ ಬಣ್ಣದಲ್ಲೋ ಸಣ್ಣ ದೋಷ ಕಂಡುಬಂದದ್ದರಿಂದ ತಳ್ಳಿಹಾಕಿದ ಸರಕು. ಲೋಕಲ್ ಇವೆರಡೂ ಅಲ್ಲ. ಅದು ಯಾರ ಹೆಸರನ್ನೂ ಕದ್ದಿರುವುದಿಲ್ಲ, ಏಕೆಂದರೆ ಅದಕ್ಕೆ ಹೆಸರೇ ಇರುವುದಿಲ್ಲ, ಅಥವಾ ಇರುವ ಹೆಸರನ್ನು ಯಾರೂ ಕೇಳಿರುವುದಿಲ್ಲ. ಕನ್ನಡದಲ್ಲಿ ಗುಣಹೀನತೆಗೆ ಪತ್ರಿಕೆಗಳು ನಿತ್ಯ ಬಳಸುವ ‘ಕಳಪೆ’ ಎಂಬ ಪದದಿಂದಲೂ ಇದು ಬೇರೆಯಾಗಿದೆ. ಕಳಪೆ ಕಾಮಗಾರಿ, ಕಳಪೆ ಬಿತ್ತನೆಬೀಜ ಎಂದು ನಾವು ಹೇಳುವುದು ರಸ್ತೆ ಕಿತ್ತುಹೋದ ಮೇಲೆ, ಬೀಜ ಮೊಳೆಯದೆ ಹೋದ ಮೇಲೆ. ಅಂದರೆ ಬಳಸಿ ನೋಡಿದ ನಂತರ. ಲೋಕಲ್ ಎಂಬ ಮಾತು ಪ್ಯಾಕೆಟ್ಟನ್ನು ಒಡೆಯುವ ಮೊದಲೇ ಬಂದುಬಿಡುತ್ತದೆ. ವಸ್ತು ಹೇಗಿದೆ ಎಂಬುದಕ್ಕಿಂತ ಅದು ಎಲ್ಲಿಂದ, ಯಾರಿಂದ ಬಂತು ಎಂಬುದರ ಮೇಲೆಯೇ ಅದರ ಬೆಲೆ ಕಟ್ಟಲಾಗುತ್ತದೆ.

ಪದದ ಹುಟ್ಟು ಸರಳವಾಗಿದೆ. ಜಾಗ ಎಂಬ ಅರ್ಥದ ‘ಲೊಕುಸ್’ ಎಂಬ ಲ್ಯಾಟಿನ್ ಪದದಿಂದ ‘ಲೊಕಾಲಿಸ್’ ಎಂಬ ವಿಶೇಷಣ ಹುಟ್ಟಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಅಲ್ಲಿಂದ ನಮ್ಮಲ್ಲಿಗೆ ಬಂತು. ಕನ್ನಡದ ಕಿವಿಗೆ ಇದರಲ್ಲಿ ‘ಲೋಕ’ ಕೇಳಿಸುತ್ತದೆಯಾದರೂ ಇಡೀ ಜಗತ್ತನ್ನು ಹೇಳುವ ಆ ಸಂಸ್ಕೃತ ಪದಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಕನ್ನಡದ ಬಾಯಿಗೆ ಬಂದ ಮೇಲೆ ಅದು ಬಸ್ಸು, ಹೋಟೆಲ್ಲು ಎಂಬವುಗಳಂತೆ ಕೊನೆಗೆ ಉಕಾರವನ್ನು ಸೇರಿಸಿಕೊಂಡು ‘ಲೋಕಲ್ಲು’ ಆಯಿತು. ಇದೇ ಅರ್ಥಕ್ಕೆ ನಮ್ಮಲ್ಲಿ ‘ಸ್ಥಳೀಯ’ ಎಂಬ ಪದವೂ ಇದೆ. ಸ್ಥಳೀಯ ಸಂಸ್ಥೆ, ಸ್ಥಳೀಯ ಹವಾಮಾನ, ಸ್ಥಳೀಯ ಕಲಾವಿದರು ಎಂದಾಗ ಯಾರ ಮನಸ್ಸಿನಲ್ಲಿಯೂ ಕೀಳುಭಾವ ಮೂಡುವುದಿಲ್ಲ. ‘ಸ್ಥಳೀಯ ಕಲಾವಿದರು’ ಎಂಬುದನ್ನು ‘ಲೋಕಲ್ ಕಲಾವಿದರು’ ಎಂದು ಬದಲಿಸಿ ಓದಿದರೆ ಒಮ್ಮೆಗೇ ಬೆಲೆ ಇಳಿದಂತೆ ಕೇಳಿಸುತ್ತದೆ. ಶಾಸ್ತ್ರದ, ಕಚೇರಿಯ, ಪತ್ರಿಕೆಯ ಕೆಲಸವನ್ನು ಒಂದು ಪದ ವಹಿಸಿಕೊಂಡದ್ದರಿಂದ ಇನ್ನೊಂದು ಬೀದಿಯ ಪಾಲಾಗಿ, ಅಲ್ಲಿ ಹೊಸ ಅರ್ಥವನ್ನು ಬೆಳೆಸಿಕೊಂಡಿತು.

ಒಳ್ಳೆಯ ಅಥವಾ ಸಾಧಾರಣ ಅರ್ಥದ ಪದ ಕೆಟ್ಟ ಅರ್ಥಕ್ಕೆ ಇಳಿಯುವುದನ್ನು ಭಾಷಾಶಾಸ್ತ್ರಜ್ಞರು ಹೀನಾರ್ಥ ಪ್ರಾಪ್ತಿ ಎನ್ನುತ್ತಾರೆ. ಹಳಗನ್ನಡದಲ್ಲಿ ಸುವಾಸನೆಗೂ ಬಳಕೆಯಾಗುತ್ತಿದ್ದ ‘ನಾಱು’ ಇಂದು ‘ನಾರುವುದು’ ಎಂದಾಗಿ ದುರ್ವಾಸನೆಗೆ ಮಾತ್ರ ಮೀಸಲಾಗಿರುವುದು ಇದಕ್ಕೆ ಕೊಡುವ ಉದಾಹರಣೆ. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ‘ಗ್ರಾಮ್ಯ’. ಗ್ರಾಮಕ್ಕೆ ಸೇರಿದ್ದು ಎಂಬುದಷ್ಟೇ ಅದರ ಮೂಲಾರ್ಥವಾಗಿದ್ದರೂ ಅಲಂಕಾರಶಾಸ್ತ್ರ ಅದನ್ನು ಕಾವ್ಯದೋಷಗಳ ಪಟ್ಟಿಗೆ ಸೇರಿಸಿತು. ಇಂಗ್ಲಿಷಿನಲ್ಲಿ ಖಳನನ್ನು ಹೇಳುವ ‘ವಿಲನ್’ ಎಂಬ ಪದವೂ ಮೊದಲು ಜಮೀನ್ದಾರನ ಹೊಲದಲ್ಲಿ ದುಡಿಯುವ ಹಳ್ಳಿಗನ ಹೆಸರಾಗಿತ್ತು; ‘ವಲ್ಗರ್’ ಎಂದರೆ ಸಾಮಾನ್ಯ ಜನಕ್ಕೆ ಸೇರಿದ್ದು ಎಂದಷ್ಟೇ ಇತ್ತು. ಇವೆಲ್ಲವುಗಳಲ್ಲಿಯೂ ದೋಷ ಇದ್ದದ್ದು ಪದದಲ್ಲಲ್ಲ. ಯಾರು ಯಾರನ್ನು ಎಲ್ಲಿ ನಿಂತು ನೋಡುತ್ತಿದ್ದರು ಎಂಬುದರಲ್ಲಿ. ಅರಮನೆಯಿಂದ ನೋಡಿದವರಿಗೆ ಹಳ್ಳಿ ಕೀಳಾಗಿ ಕಂಡಿತು, ಹಳ್ಳಿಯ ಹೆಸರೇ ಕೀಳಿನ ಹೆಸರಾಯಿತು. ಆದರೆ ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಇದಕ್ಕೆ ವಿರುದ್ಧವಾದ ದಾರಿಯನ್ನೂ ತೋರಿಸಿದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಿನ ಮಾತನ್ನು ಅದು ಕನ್ನಡದ ತಿರುಳೆಂದು ಕರೆಯಿತು. ಒಂದು ನೆಲದ ಹೆಸರು ಅಲ್ಲಿ ಉತ್ತಮಿಕೆಯ ಅಳತೆಗೋಲಾಗಿದೆ.

ಹಾಗಾದರೆ ಲೋಕಲ್ ಎಂಬುದನ್ನು ಯಾರು ಎಲ್ಲಿಂದ ನೋಡಿದರು? ಬ್ರಿಟಿಷರ ಆಡಳಿತದಲ್ಲಿಯೇ ಈ ಪದ ಒಂದು ಮೆಟ್ಟಿಲಿನ ಹೆಸರಾಗಿತ್ತು. ಸಾಮ್ರಾಜ್ಯ ಮೇಲೆ, ಪ್ರಾಂತ್ಯ ನಡುವೆ, ಲೋಕಲ್ ಬೋರ್ಡು ಕೆಳಗೆ. ಲಾರ್ಡ್ ರಿಪ್ಪನ್ 1882ರಲ್ಲಿ ಹೊರಡಿಸಿದ ನಿರ್ಣಯ ಸ್ಥಳೀಯ ಸ್ವಯಮಾಡಳಿತಕ್ಕೆ ಬಲ ತುಂಬಲು ಹೊರಟರೂ ಈ ಮೆಟ್ಟಿಲುಗಳ ಕ್ರಮವನ್ನೇನೂ ಬದಲಿಸಲಿಲ್ಲ. ಸರಕಿನ ವಿಷಯದಲ್ಲಿಯೂ ಹಡಗಿನಲ್ಲಿ ಬಂದದ್ದಕ್ಕೆ ಮೇಲಿನ ಸ್ಥಾನವಿತ್ತು. ಕನ್ನಡ ಈ ಹಡಗಿನ ಸರಕಿಗೆ ತನ್ನದೇ ಆದ ಒಂದು ಪದವನ್ನು ಹೊಂದಿಸಿಕೊಂಡಿತ್ತು: ಸೀಮೆ. ಎಲ್ಲೆ, ಪ್ರದೇಶ ಎಂಬ ಅರ್ಥದ ಈ ಪದ ದೂರದ ಸೀಮೆಯಿಂದ ಬಂದದ್ದು ಎಂಬ ಅರ್ಥ ಪಡೆದು ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಎಂಬ ಹೆಸರುಗಳನ್ನು ಕಟ್ಟಿತು. ಇವುಗಳ ನಡುವೆ ಸೀಮೆಬದನೆ ನನಗೆ ಬಹಳ ಪ್ರಿಯವಾದದ್ದು. ಮೆಕ್ಸಿಕೊ ಕಡೆಯಿಂದ ಬಂದ ಈ ಕಾಯಿಯನ್ನು ನಾವು ಹೊರಗಿನದೆಂದು ಗುರುತಿಸಿ ಸೀಮೆಬದನೆ ಎಂದೆವು. ತಮಿಳರೂ ತೆಲುಗರೂ ಅದನ್ನು ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಅವರಿಗೆ ಅದು ಬೆಂಗಳೂರಿನದು, ಬೆಂಗಳೂರಿಗೆ ಅದು ಸೀಮೆಯದು. ವಸ್ತುವಿನ ಊರು ಯಾವುದೆಂಬುದು ನೋಡುವವರ ಊರನ್ನೇ ಅವಲಂಬಿಸಿದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿ ಸಿಗುವುದು ಕಷ್ಟ.

ಸ್ವಾತಂತ್ರ್ಯ ಬಂದ ಮೇಲೆ ಸೀಮೆಯ ಜಾಗಕ್ಕೆ ‘ಫಾರಿನ್’ ಬಂತು, ಅದರ ಎದುರಿಗೆ ಲೋಕಲ್ ನಿಂತಿತು. ನನ್ನ ತಿಳಿವಳಿಕೆಯಲ್ಲಿ ಪದದ ಇಂದಿನ ಅರ್ಥ ಗಟ್ಟಿಯಾದದ್ದು ಈ ಕಾಲದಲ್ಲಿ, ಮತ್ತು ಅದಕ್ಕೆ ಕಾರಣ ಜನರ ಮೋಹವೊಂದೇ ಆಗಿರಲಿಲ್ಲ. 1956–57ರಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಎದುರಾದ ಮೇಲೆ ಆಮದಿನ ಮೇಲಿನ ಹಿಡಿತ ಬಿಗಿಯಾಯಿತು. ಗ್ರಾಹಕ ವಸ್ತುಗಳ ಆಮದಿನ ಪ್ರಮಾಣದ ಮೇಲಿನ ನಿರ್ಬಂಧಗಳು ಪೂರ್ಣವಾಗಿ ತೆರವಾದದ್ದು 2001ರ ಏಪ್ರಿಲ್‌ನಲ್ಲಿ. ಈ ನಡುವಿನ ದಶಕಗಳಲ್ಲಿ ಮಾರುಕಟ್ಟೆಯಲ್ಲಿ ಪೈಪೋಟಿ ಕಡಿಮೆಯಿತ್ತು, ಏನು ತಯಾರಿಸಿದರೂ ಕೊಳ್ಳುವವರು ಕಾಯುತ್ತಿದ್ದರು. ಅದರ ಜೊತೆಗೆ ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿಯಿದೆ. 1963ರಲ್ಲಿ ಬಂದ ರಫ್ತು ಗುಣಮಟ್ಟ ನಿಯಂತ್ರಣ ಮತ್ತು ತಪಾಸಣೆ ಕಾಯ್ದೆ, ಸರ್ಕಾರ ಗೊತ್ತುಪಡಿಸಿದ ಸರಕುಗಳನ್ನು ಹಡಗು ಹತ್ತುವ ಮೊದಲು ಕಡ್ಡಾಯವಾಗಿ ಪರೀಕ್ಷಿಸುವ ಏರ್ಪಾಡು ಮಾಡಿತು. ಹೊರದೇಶಗಳಲ್ಲಿ ನಮ್ಮ ಮರ್ಯಾದೆ ಹೋಗಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಒಳಗೆ ಮಾರುವ ಅದೇ ಬಗೆಯ ಎಷ್ಟೋ ಸರಕಿಗೆ ಅಂತಹ ಕಡ್ಡಾಯ ಇರಲಿಲ್ಲ. ಹೊರಗಿನವರಿಗೆ ಪರೀಕ್ಷಿಸಿದ್ದು, ಒಳಗಿನವರಿಗೆ ಹಾಗೆಯೇ ಬಂದದ್ದು ಎಂಬ ಎರಡು ದರ್ಜೆಗಳು ಹೀಗೆ ಕಾನೂನಿನ ನೆರಳಿನಲ್ಲಿಯೇ ಬೆಳೆದವು. ‘ಎಕ್ಸ್‌ಪೋರ್ಟ್ ಕ್ವಾಲಿಟಿ’ ಎಂಬ ಹೊಗಳಿಕೆ ಹುಟ್ಟಿದ ಮೇಲೆ ಅದರ ವಿರುದ್ಧಪದವೂ ಬೇಕಾಗುತ್ತದೆಯಷ್ಟೆ. ಆ ಜಾಗದಲ್ಲಿ ಲೋಕಲ್ ಕುಳಿತಿತು. ಇಂದಿಗೂ ಬೊಮ್ಮನಹಳ್ಳಿಯ, ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ನಮ್ಮ ಊರಿನ ಹೆಣ್ಣುಮಕ್ಕಳು ಹೊಲಿದ ಅಂಗಿ ‘ಎಕ್ಸ್‌ಪೋರ್ಟ್’ ಎನ್ನಿಸಿಕೊಂಡು ಹೆಮ್ಮೆಯಿಂದ ಮಾರಾಟವಾಗುತ್ತದೆ. ಅದೇ ಹೆಣ್ಣುಮಕ್ಕಳು ಮನೆಯ ಹೊಲಿಗೆಯಂತ್ರದಲ್ಲಿ ಹೊಲಿದು ಪಕ್ಕದ ಅಂಗಡಿಗೆ ಕೊಟ್ಟದ್ದು ಲೋಕಲ್ ಆಗುತ್ತದೆ. ಹೊಲಿದ ಕೈ ಒಂದೇ.

ಇಲ್ಲಿಯೇ ತಯಾರಾದದ್ದೆಲ್ಲ ಲೋಕಲ್ ಎನ್ನಿಸಿಕೊಳ್ಳಲಿಲ್ಲ ಎಂಬುದನ್ನೂ ಗಮನಿಸಬೇಕು. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳ ತಯಾರಿಕೆಗೆಂದು ಆರಂಭವಾದ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಿಂದ ಕೈಗಡಿಯಾರಗಳನ್ನು ತಯಾರಿಸಿತು. ಜಾಲಹಳ್ಳಿಯ ಆ ಕೈಗಡಿಯಾರವನ್ನು ಮದುವೆಯಲ್ಲಿ ಅಳಿಯನಿಗೆ ಉಡುಗೊರೆಯಾಗಿ ಕೊಟ್ಟ ತಲೆಮಾರಿನವರು ಯಾರೂ ಅದನ್ನು ಲೋಕಲ್ ಎನ್ನಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ರೂಪುಗೊಂಡ ಮೈಸೂರು ಸ್ಯಾಂಡಲ್ ಸಾಬೂನಿಗಂತೂ ಊರಿನ ಹೆಸರೇ ಮರ್ಯಾದೆ ತಂದಿತು. ಇವು ಹತ್ತಿರದವೇ ಆಗಿದ್ದರೂ ಇವಕ್ಕೆ ಹೆಸರಿತ್ತು, ವಿಳಾಸವಿತ್ತು, ಕೆಟ್ಟುಹೋದರೆ ಹೋಗಿ ಕೇಳಬಹುದಾದ ಬಾಗಿಲಿತ್ತು. ಈ ಮೂರೂ ಇಲ್ಲದ ಸರಕಿಗೆ ಮಾತ್ರ ಲೋಕಲ್ ಎಂಬ ಹೆಸರು ಅಂಟಿಕೊಂಡಿತು. ದೆಹಲಿಯ ಬ್ರೇಕ್ ಶೂ ಲೋಕಲ್ ಆಗಿ, ಹೊಸೂರಿನದು ಒರಿಜಿನಲ್ ಆದದ್ದರ ಗುಟ್ಟು ಇದು.

ಹೆಸರಿಲ್ಲದ ಸರಕು ನಿಜವಾಗಿಯೂ ಕಳಪೆಯಾಗಿಬಿಡುವುದೇಕೆ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಒಳ್ಳೆಯ ವಿವರಣೆಯಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರಾಟವನ್ನು ಉದಾಹರಣೆಯಾಗಿಟ್ಟುಕೊಂಡು ಅದನ್ನು ಮಂಡಿಸಿದರು. 2001ರಲ್ಲಿ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ವಾದವನ್ನು ಜೆ.ಸಿ. ರಸ್ತೆಗೆ ತಂದು ಹೇಳುವುದಾದರೆ ಹೀಗೆ: ಹೆಸರಿಲ್ಲದ ಹತ್ತು ಬ್ರೇಕ್ ಶೂಗಳಲ್ಲಿ ನಾಲ್ಕು ಚೆನ್ನಾಗಿದ್ದು ಆರು ಕೆಟ್ಟಿವೆ ಎಂದುಕೊಳ್ಳೋಣ. ಕೊಳ್ಳುವವನಿಗೆ ಕಣ್ಣಿನಿಂದ ನೋಡಿ ಅವುಗಳನ್ನು ಬೇರ್ಪಡಿಸಲಾಗದು, ಆದ್ದರಿಂದ ಅವನು ಎಲ್ಲಕ್ಕೂ ಒಂದೇ ಕಡಿಮೆ ಬೆಲೆ ಕೊಡುತ್ತಾನೆ. ಆ ಬೆಲೆಗೆ ಚೆನ್ನಾಗಿ ಮಾಡುವವನ ಖರ್ಚೂ ಹುಟ್ಟುವುದಿಲ್ಲ. ಅವನು ಒಂದೋ ಗುಣಮಟ್ಟ ಇಳಿಸುತ್ತಾನೆ, ಇಲ್ಲವೇ ಆ ವ್ಯಾಪಾರವನ್ನೇ ಬಿಡುತ್ತಾನೆ. ಉಳಿದವುಗಳಲ್ಲಿ ಕೆಟ್ಟವುಗಳ ಪಾಲು ಹೆಚ್ಚುತ್ತದೆ, ಬೆಲೆ ಇನ್ನೂ ಇಳಿಯುತ್ತದೆ. ಲೋಕಲ್ ಎಂದರೆ ಕಳಪೆ ಎಂಬ ನಂಬಿಕೆಯೇ ಹೀಗೆ ಲೋಕಲ್ಲನ್ನು ಕಳಪೆಯಾಗಿಸುತ್ತಾ ಹೋಗುತ್ತದೆ. ಪೀಣ್ಯದ ಸಣ್ಣ ಲೇತ್ ಶೆಡ್ಡಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಲೋಹವನ್ನು ಕಡೆಯಬಲ್ಲ ಕೆಲಸಗಾರನಿಗೆ ಇದು ಮಾಡುವ ಅನ್ಯಾಯ ದೊಡ್ಡದು. ಅವನ ಭಾಗ ದೊಡ್ಡ ಕಂಪನಿಯ ಡಬ್ಬಿಯೊಳಗೆ ಹೋದರೆ ಒರಿಜಿನಲ್. ನೇರವಾಗಿ ಅಂಗಡಿಗೆ ಹೋದರೆ ಲೋಕಲ್.

ಇಂತಹ ಹೆಸರುಗಳು ಶಾಶ್ವತವಲ್ಲ ಎಂಬುದಕ್ಕೆ ಹೊರದೇಶಗಳ ಚರಿತ್ರೆ ಸಾಕ್ಷಿ ನೀಡುತ್ತದೆ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ವಿಶ್ವಪ್ರದರ್ಶನಕ್ಕೆ ಹೋಗಿದ್ದ ಜರ್ಮನಿಯ ಎಂಜಿನಿಯರ್ ಫ್ರಾಂಟ್ಸ್ ರೂಲೋ ತನ್ನ ದೇಶದ ಸರಕುಗಳೇ ಅಗ್ಗ ಮತ್ತು ಕೆಟ್ಟವು ಎಂದು ಬಹಿರಂಗವಾಗಿ ಬರೆದ. 1887ರಲ್ಲಿ ಬ್ರಿಟನ್, ತನ್ನ ಸರಕಿನಂತೆ ಕಾಣುವ ವಿದೇಶಿ ವಸ್ತುಗಳ ಮೇಲೆ ತಯಾರಾದ ದೇಶದ ಹೆಸರನ್ನು ಕಾಣಿಸಬೇಕೆಂದು ಕಾನೂನು ಮಾಡಿತು. ‘ಮೇಡ್ ಇನ್ ಜರ್ಮನಿ’ ಎಂಬುದು ಕೊಳ್ಳುವವರಿಗೆ ಎಚ್ಚರಿಕೆಯಾಗಲಿ ಎಂಬುದು ಅದರ ಹಿಂದಿನ ಎಣಿಕೆ. ಕೆಲವೇ ವರ್ಷಗಳಲ್ಲಿ ಅದೇ ಮುದ್ರೆ ಗಟ್ಟಿತನದ ಖಾತರಿಯಾಯಿತು. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿದ್ದು ಇಂಗ್ಲಿಷಿನ ‘ಶಾಡಿ’. ಹಳೆಯ ಉಣ್ಣೆಬಟ್ಟೆಯನ್ನು ಚೂರುಮಾಡಿ ಮತ್ತೆ ನೂಲು ತೆಗೆಯುವ ವಿಧಾನ 1813ರ ಸುಮಾರಿಗೆ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಬ್ಯಾಟ್ಲಿ ಪಟ್ಟಣದಲ್ಲಿ ರೂಪುಗೊಂಡಿತು. ಆ ನೂಲಿನ, ಆ ಬಟ್ಟೆಯ ಹೆಸರೇ ಶಾಡಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಗುತ್ತಿಗೆದಾರರು ಇಂತಹ ಬಟ್ಟೆಯಲ್ಲಿ ಸೈನಿಕರಿಗೆ ಸಮವಸ್ತ್ರ ಹೊಲಿಸಿಕೊಟ್ಟರು, ಅವು ಮಳೆಗೆ ಸಿಕ್ಕಿ ಹರಿದುಹೋದವು, ಒಂದು ಉದ್ಯಮದ ಹೆಸರು ಕಳಪೆ ಎಂಬುದರ ಪರ್ಯಾಯಪದವಾಯಿತು. ವಾಸ್ತವದಲ್ಲಿ ಆ ಉದ್ಯಮ ಚಿಂದಿಯನ್ನು ಮತ್ತೆ ಬಟ್ಟೆಯಾಗಿಸುವ ಉಪಯುಕ್ತ ಕೆಲಸವನ್ನೇ ಮಾಡುತ್ತಿತ್ತು. ಇಂದು ಹರಿಯಾಣದ ಪಾಣಿಪತ್‌ನಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ.

ನಮ್ಮಲ್ಲಿಯೇ ಇರುವ ಒಂದು ಪದ ಇದಕ್ಕಿಂತಲೂ ಹೆಚ್ಚಿನ ಬೆಳಕು ಕೊಡುತ್ತದೆ. ಲೋಕಲ್ ಎಂಬುದಕ್ಕೆ ಅರ್ಥದಲ್ಲಿ ಅತ್ಯಂತ ಹತ್ತಿರವಾದ ಬೀದಿಯ ಕನ್ನಡ ಪದ ‘ನಾಟಿ’. ಈ ನಾಡಿನದು ಎಂಬುದೇ ಅದರ ತಾತ್ಪರ್ಯ. ಆದರೆ ಕೆ.ಆರ್. ಮಾರುಕಟ್ಟೆಯಲ್ಲಿ ನಾಟಿ ಎಂದರೆ ಬೆಲೆ ಏರುತ್ತದೆ. ಸಾರಿಗೆ ಹುಳಿ ಸಾಲಬೇಕೆಂದರೆ ನಾಟಿ ಟೊಮೆಟೊ ಬೇಕು, ಘಮ ಬೇಕೆಂದರೆ ನಾಟಿ ಕೊತ್ತಂಬರಿ ಬೇಕು, ನಾಟಿ ಕೋಳಿಯ ಮುಂದೆ ಫಾರಂ ಕೋಳಿ ಸಪ್ಪೆ. ಉತ್ತರ ಕರ್ನಾಟಕದ ‘ಜವಾರಿ’ಗೂ ಇದೇ ಗೌರವವಿದೆ. ನೆಲದ ಹೆಸರನ್ನು ಹೊತ್ತ ಎರಡು ಪದಗಳಲ್ಲಿ ಒಂದು ಮೇಲೇರಿ ಇನ್ನೊಂದು ಕೆಳಗಿಳಿದದ್ದು ಏಕೆ? ತರಕಾರಿಯನ್ನು ಕೊಳ್ಳುವವರಿಗೆ ಅದನ್ನು ಪರೀಕ್ಷಿಸುವ ಬಲವಿದೆ ಎಂಬುದು ನನ್ನ ಉತ್ತರ. ಮೂಗು, ನಾಲಗೆ, ಬೆರಳು ಸಾಕು. ಅಜ್ಜಿಯಿಂದ ಬಂದ ತಿಳಿವಳಿಕೆಯೂ ಜೊತೆಗಿದೆ. ಬ್ರೇಕ್ ಶೂವಿನೊಳಗೆ ಏನಿದೆಯೆಂದು ತಿಳಿಯಲು ನಮ್ಮ ಬಳಿ ಅಂತಹ ಯಾವ ಅಳತೆಯೂ ಇಲ್ಲ. ಅಳೆಯಲು ಬರುವ ಕಡೆ ಹತ್ತಿರದ್ದು ಗೆದ್ದಿತು, ಅಳೆಯಲು ಬಾರದ ಕಡೆ ಹೆಸರಿದ್ದದ್ದು ಗೆದ್ದಿತು.

ವಸ್ತುವಿನ ಮಟ್ಟಿಗೆ ಈ ಪದದ ಬಳಕೆಗೆ ಹೀಗೆ ಒಂದು ಕಾರಣವಾದರೂ ಇದೆ. ಅದನ್ನು ಮನುಷ್ಯರ ಮೇಲೆ ಹಾಕುವಾಗ ಆ ಕಾರಣವೂ ಇರುವುದಿಲ್ಲ. “ಲೋಕಲ್ ಥರ ಆಡಬೇಡ” ಎಂದು ತಾಯಿ ಮಗುವನ್ನು ಗದರಿಸುವುದನ್ನು ಬಡಾವಣೆಯ ಪಾರ್ಕಿನಲ್ಲಿ ಕೇಳಿದ್ದೇನೆ. ಮಗು ಮಾಡಿದ ತಪ್ಪೆಂದರೆ ಜಾರುಬಂಡೆಯ ಸರದಿಗಾಗಿ ಜೋರಾಗಿ ಕನ್ನಡದಲ್ಲಿ ಕೂಗಿದ್ದು. ಆ ತಾಯಿಯೂ ಕನ್ನಡದವರೇ. ಕನ್ನಡವನ್ನು ‘ಲೋಕಲ್ ಲ್ಯಾಂಗ್ವೇಜ್’ ಎಂದು ಕರೆಯುವವರಲ್ಲಿ ಹೆಚ್ಚಿನವರಿಗೆ ಅವಮಾನಿಸುವ ಉದ್ದೇಶ ಇರುವುದಿಲ್ಲ, ಇಂಗ್ಲಿಷಿನಲ್ಲಿ ಅದು ನಿರ್ದೋಷವಾದ ಮಾತೇ. ಆದರೆ ಕೇಳುವ ಕಿವಿ ಬೆಂಗಳೂರಿನದಾದಾಗ ಆ ಪದ ಜೆ.ಸಿ. ರಸ್ತೆಯ ಅರ್ಥವನ್ನೂ ಹೊತ್ತುಕೊಂಡೇ ಒಳಗೆ ಬರುತ್ತದೆ. ಕೆಲವರು ಇದನ್ನು ತಿರುಗಿಸಿ ಹಿಡಿದಿದ್ದಾರೆ. ‘ನಾವು ಪಕ್ಕಾ ಲೋಕಲ್’ ಎಂದು ಎದೆಯುಬ್ಬಿಸಿ ಹೇಳುವ ಆಟೋ ಚಾಲಕರ ಮಾತಿನಲ್ಲಿ ಈ ನೆಲ ನನ್ನದು ಎಂಬ ಹಕ್ಕಿದೆ. 2020ರ ಮೇ 12ರಂದು ಪ್ರಧಾನಿ ನರೇಂದ್ರ ಮೋದಿಯವರು ದೇಶವನ್ನುದ್ದೇಶಿಸಿ ಮಾತನಾಡುತ್ತಾ ಲೋಕಲ್ಲಿಗೆ ವೋಕಲ್ ಆಗಿ ಎಂದು ಕರೆಕೊಟ್ಟದ್ದೂ, ನಗರದ ಹೊಸ ಕೆಫೆಗಳು ಸುತ್ತಮುತ್ತಲಿನ ರೈತರ ರಾಗಿಯನ್ನು ‘ಲೋಕಲ್’ ಎಂದು ಬರೆದು ಹೆಚ್ಚಿನ ಬೆಲೆಗೆ ಕೊಡುತ್ತಿರುವುದೂ ಇದೇ ತಿರುವಿನ ಭಾಗಗಳು.

ಬಿಡಿಭಾಗಗಳ ಅಂಗಡಿಗೆ ಆ ತಿರುವು ಇನ್ನೂ ಬಂದಿಲ್ಲ, ಬರಬೇಕಾದ ದಾರಿಯೂ ಬೇರೆ. ಪೊಟ್ಟಣ ಕಟ್ಟಿದ ಸರಕಿನ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು ಮತ್ತು ವರ್ಷ, ದೂರು ಕೊಡಲು ಸಂಪರ್ಕ ಇವೆಲ್ಲ ಇರಬೇಕೆಂದು ಅಳತೆ-ತೂಕಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನಶಾಸ್ತ್ರದ ನಿಯಮಗಳು ಹೇಳುತ್ತವೆ. ದ್ವಿಚಕ್ರ ವಾಹನದ ಹೆಲ್ಮೆಟ್ಟಿಗೆ 2021ರ ಜೂನ್ 1ರಿಂದ ಐಎಸ್ಐ ಗುರುತು ಕಡ್ಡಾಯವಾಗಿದೆ; ಅಲ್ಲಿಯವರೆಗೆ ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುತ್ತಿದ್ದ ಲೋಕಲ್ ಹೆಲ್ಮೆಟ್ ಅಂದಿನಿಂದ ಕಾನೂನಿನ ಕಣ್ಣಿನಲ್ಲಿ ಮಾರಲೇಬಾರದ ವಸ್ತು. ಆ ದಿನ ಜೆ.ಸಿ. ರಸ್ತೆಯಲ್ಲಿ ನಾನು ಹೊಸೂರಿನ ಪ್ಯಾಕೆಟ್ಟನ್ನು ತೆಗೆದುಕೊಂಡೆ. ದುಡ್ಡು ಕೊಡುವಾಗ, ಎರಡರಲ್ಲಿ ನಮಗೆ ಹತ್ತಿರದ್ದು ಇದೇ ಅಲ್ಲವೇ, ಹಾಗಿದ್ದರೆ ಲೋಕಲ್ ಎನ್ನಬೇಕಾದದ್ದು ಇದನ್ನಲ್ಲವೇ ಎಂದು ಅಂಗಡಿಯವರನ್ನು ಕೇಳಿದೆ. ಅವರು ಎರಡೂ ಪ್ಯಾಕೆಟ್ಟುಗಳನ್ನು ತಿರುಗಿಸಿ ವಿಳಾಸ ಓದಿ, “ಹೌದಲ್ಲ ಸಾರ್, ಯೋಚ್ನೆನೇ ಮಾಡಿರ್ಲಿಲ್ಲ. ಆದ್ರೆ ಇದು ಕೆಟ್ರೆ ವಾಪಸ್ ತಗೊಳೋಕೆ ಕಂಪನಿಯೋರು ಇದಾರೆ. ಅದಕ್ಕೆ ಯಾರಿದಾರೆ ಹೇಳಿ?” ಎಂದರು.